ಔಟ್ ಗುಂಪಿಗೆ ಸೇರಿದ ತೂಕಣ್ಣ

ತರಕಾರಿ ಮಾರುಕಟ್ಟೆಯ ಅಂಗಳಕ್ಕೆ ಬರುವ ಪ್ರತಿ ಲಾರಿಯೂ ತೂಕಣ್ಣನ ಕಿಟಕಿಯ ಮುಂದೆ ನಿಲ್ಲಬೇಕು, ತೂಗಿಸಿಕೊಳ್ಳಬೇಕು, ಚೀಟಿ ಪಡೆದು ಮುಂದಕ್ಕೆ ಹೋಗಬೇಕು. ಹದಿನೆಂಟು ವರ್ಷದಿಂದ ಹೀಗೆ ಬದನೆ, ಕೋಸು, ಟೊಮೇಟೊಗಳನ್ನೆಲ್ಲ ತೂಗುತ್ತಾ ಬಂದ ಈ ಮನುಷ್ಯನ ಮಾತಿಗೆ ಮಾತ್ರ ಮನೆಯಲ್ಲಾಗಲಿ ಬೀದಿಯಲ್ಲಾಗಲಿ ಎಳ್ಳಷ್ಟೂ ತೂಕವಿರಲಿಲ್ಲ. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಬೆಚ್ಚಗೆ ಮಲಗಿತ್ತು. ಲೋಕವೆಲ್ಲ ಅವನನ್ನು ಕರೆಯುತ್ತಿದ್ದದ್ದು ತೂಕಣ್ಣ ಎಂದೇ.

ಹೀಗಿರುವಾಗ ಹೋದ ತಿಂಗಳು ಮಾರುಕಟ್ಟೆಯ ಸಾಹೇಬರು ಅವನ ಕೋಣೆಯ ಮುಂದೆ ಹಾದುಹೋಗುತ್ತಾ, "ಆ ಹೊಸ ಕಂಪ್ಯೂಟರ್ ಸ್ವಲ್ಪ ನೀನೇ ನೋಡ್ಕೊಳಪ್ಪಾ" ಎಂದರು. ಧೂಳು ಒರೆಸು, ಮೇಲೆ ನೀರು ಚೆಲ್ಲಬೇಡ ಎನ್ನುವುದು ಅವರ ಮನಸ್ಸಿನಲ್ಲಿದ್ದ ಅರ್ಥ. ತೂಕಣ್ಣ ಮನೆಗೆ ಹೋಗಿ ಹೆಂಡತಿಗೆ, "ನನ್ನ ಕಂಪ್ಯೂಟರ್ ಅಡ್ಮಿನಿಸ್ಟ್ರೇಟರ್ ಮಾಡಿದಾರೆ ಕಣೇ" ಎಂದ. ಹೆಂಡತಿ ಅದನ್ನು ಫೋನಿನಲ್ಲಿ ತಾಯಿಗೆ ಹೇಳುವಷ್ಟರಲ್ಲಿ 'ಕಂಪ್ಯೂಟರ್' ಎಲ್ಲೋ ಉದುರಿಹೋಯಿತು. ಉಳಿದ 'ಅಡ್ಮಿನಿಸ್ಟ್ರೇಟರ್' ಮಾವನ ಕಿವಿಗೆ ಬಿತ್ತು. ಮಾವ ಮೂವತ್ತು ವರ್ಷ ವ್ಯಾಕರಣ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರು. ಪರಭಾಷೆಯ ಪದವನ್ನು ಹಾಗೆಯೇ ಬಿಡುವುದು ಅವರ ಜಾಯಮಾನವಲ್ಲ. "ಅಂದ್ರೆ ಆಡಳಿತಾಧಿಕಾರಿ!" ಎಂದು ಅನುವಾದಿಸಿ, ತಮ್ಮ ಬೀದಿಗೆಲ್ಲ ಸಾರಿ, ಆಡಳಿತಾಧಿಕಾರಿಯಾದ ಅಳಿಯನನ್ನು ಎರಡು ದಿನ ಕಣ್ತುಂಬ ನೋಡಿಕೊಂಡು ಬರೋಣವೆಂದು ಪೆಟ್ಟಿಗೆ ಹಿಡಿದು ಬಂದೇಬಿಟ್ಟರು. ಬಂದು ಇಪ್ಪತ್ತೊಂದು ದಿನವಾಗಿತ್ತು.

ಇಪ್ಪತ್ತೆರಡನೆಯ ಬೆಳಿಗ್ಗೆ ಮಾವ, "ನಾಳೆ ನಿಮ್ಮ ಕಚೇರಿಗೆ ಬರ್ತೀನಿ ಅಳಿಯಂದ್ರೇ, ಆಡಳಿತ ಹೇಗೆ ನಡೀತದೆ ನೋಡ್ಬೇಕು" ಎಂದರು.

ಅಂದು ಕೊನೆಯ ಲಾರಿ ಹೋದ ಮೇಲೆ ಅವನು ಕಂಪ್ಯೂಟರಿನ ಮುಂದೆ ಕುಳಿತು ಯೋಚಿಸಿದ. ತೆರೆದ ಕೂಡಲೇ ಪರದೆಯ ಮೇಲೆ 'ತೂಕ-1' ಎಂಬ ಹೆಸರು ಬರುತ್ತಿತ್ತು. ಆಡಳಿತಾಧಿಕಾರಿಯ ಪರದೆಯ ಮೇಲೆ 'ತೂಕ-1' ಎಂದಿದ್ದರೆ ಮಾವ ಏನೆಂದುಕೊಂಡಾರು? ಕಂಪ್ಯೂಟರ್ ಕೂರಿಸಿ ಹೋಗಿದ್ದ ಎಂಜಿನಿಯರು 'ಅವಸರಕ್ಕೆ ಮಾತ್ರ' ಎಂದು ಬರೆದು ಕೀಬೋರ್ಡಿನ ಅಡಿಯಲ್ಲಿ ಅಂಟಿಸಿದ್ದ ಗುಪ್ತ ಚೀಟಿ ತೂಕಣ್ಣನಿಗೆ ನೆನಪಾಯಿತು. ಇದಕ್ಕಿಂತ ಅವಸರ ಇನ್ನೇನಿದ್ದೀತು? ಚೀಟಿ ನೋಡಿ, ಅಲ್ಲಿ ಒತ್ತಿ ಇಲ್ಲಿ ಒತ್ತಿ, ಹಾಜರಿ ಪುಸ್ತಕದಲ್ಲಿ ಮಲಗಿದ್ದ ತನ್ನ ಪೂರ್ಣ ಹೆಸರಿನಲ್ಲಿ ಹೊಸ ಖಾತೆಯೊಂದನ್ನು ತೆರೆದ. ಸ್ಟುಡಿಯೋದವನ ಕೋಟು ಹಾಕಿಕೊಂಡು ತೆಗೆಸಿದ್ದ ಫೋಟೋವನ್ನು ಅದಕ್ಕೆ ಸೇರಿಸಿದ. ಹಳೆಯ 'ತೂಕ-1' ಇನ್ನೇಕೆಂದು ಅಳಿಸಿಯೇ ಹಾಕಿದ. ಆ ಸಂಜೆ ಅವನು ಮನೆಗೆ ನಡೆದು ಹೋದ ರೀತಿ ನೋಡಿದ್ದರೆ, ಕೋಟು ಇನ್ನೂ ಮೈಮೇಲೇ ಇದೆ ಅನ್ನಬೇಕು.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಹತ್ತೊಂಬತ್ತು ಟೊಮೇಟೊ ಲಾರಿಗಳು ಸಾಲಾಗಿ ನಿಂತಿದ್ದವು. ಮಾವ ಇಸ್ತ್ರಿ ಅಂಗಿ ತೊಟ್ಟು ಅಂಗಳದ ಬೆಂಚಿನ ಮೇಲೆ ಕುಳಿತು, "ಒಳಗಿರೋರು ನಮ್ಮ ಅಳಿಯಂದ್ರು" ಎಂದು ಚಾಲಕರಿಗೆ ಪರಿಚಯ ಮಾಡಿಕೊಡುತ್ತಿದ್ದರು. ತೂಕಣ್ಣ ಕಂಪ್ಯೂಟರ್ ತೆರೆದ. ಕೋಟಿನ ಫೋಟೋ ಮೂಡಿತು. ಮೊದಲ ಲಾರಿ ತೂಕದ ಕಟ್ಟೆ ಹತ್ತಿತು. ತೂಕಣ್ಣ ಗತ್ತಿನಿಂದ ಗುಂಡಿ ಒತ್ತಿದ.

ಪರದೆಯ ಮೇಲೆ ತೂಕ ಬರಲಿಲ್ಲ. 'ಅನುಮತಿ ನಿರಾಕರಿಸಲಾಗಿದೆ' ಎಂದು ಬಂತು.

ಇನ್ನೊಮ್ಮೆ ಒತ್ತಿದ, ಇನ್ನೊಮ್ಮೆ ನಿರಾಕರಿಸಿತು. ಮೆತ್ತಗೆ ಒತ್ತಿದ, ಜೋರಾಗಿ ಒತ್ತಿದ, ಬೇರೆ ಬೆರಳಿನಿಂದ ಒತ್ತಿದ. ಹೊರಗೆ ಹಾರ್ನುಗಳು ಶುರುವಾದವು. ಹಾರ್ನು ಕೇಳಿ ಸಾಹೇಬರು ಬಂದರು.

"ಏನಪ್ಪಾ ಇದು?"

"ಅನುಮತಿ ಇಲ್ವಂತೆ ಸಾರ್."

"ಯಾರ ಅನುಮತಿ? ನಾನು ಕೊಟ್ಟಿದೀನಲ್ಲ!"

"ನಿಮ್ದು ಇದಕ್ಕೆ ಸಾಲ್ತಿಲ್ಲ ಸಾರ್."

ಸಾಹೇಬರ ಮುಖ ಲಾರಿಯಲ್ಲಿದ್ದ ಸರಕಿನ ಬಣ್ಣಕ್ಕೆ ತಿರುಗಿತು. "ನೋಡು, ಟೊಮೇಟೊ ಬಿಸಿಲಲ್ಲಿ ನಿಂತಿದೆ. ಹನ್ನೊಂದು ಗಂಟೆಯೊಳಗೆ ತೂಕ ಶುರುವಾಗ್ಲಿಲ್ಲ ಅಂದ್ರೆ ಈರುಳ್ಳಿ ಗೋದಾಮಿನ ಗುಮಾಸ್ತನ್ನ ಕರೆಸಿ ಈ ಕುರ್ಚೀಲಿ ಕೂರಿಸ್ತೀನಿ. ನೀನು ಅವನ ಜಾಗಕ್ಕೆ ಹೋಗು."

ಈರುಳ್ಳಿ ಗೋದಾಮು ಅಂದರೆ ಅಂಗಳದ ತೀರ ಹಿಂದೆ, ಕಿಟಕಿಯಿಲ್ಲದ ಒಂದು ತಗಡಿನ ಕೊಟ್ಟಿಗೆ. ಅಲ್ಲಿಗೆ ಹೋದ ಗುಮಾಸ್ತರು ನಿವೃತ್ತರಾಗಿಯೇ ಹೊರಬರುತ್ತಿದ್ದರು, ಆಮೇಲೂ ನೆಂಟರು ಅವರ ಪಕ್ಕದಲ್ಲಿ ಕೂರುತ್ತಿರಲಿಲ್ಲ. ಅದೂ ಮಾವ ಬೆಂಚಿನ ಮೇಲೆ ಕುಳಿತು ನೋಡುತ್ತಿರುವಾಗ! ತೂಕಣ್ಣ ಎಂಜಿನಿಯರಿಗೆ ಫೋನು ಮಾಡಿ, ಹಳೆಯ ಖಾತೆ ಅಳಿಸಿ ಹೊಸದು ತೆರೆದದ್ದನ್ನು ಒಪ್ಪಿಕೊಂಡ. ಎಂಜಿನಿಯರು ಬಸ್ಸಿನಲ್ಲಿದ್ದರು. ಅವರ ಮಾತು ತುಂಡು ತುಂಡಾಗಿ ಬರುತ್ತಿತ್ತು.

"ಅರ್ಥ ಆಯ್ತು ಬಿಡಿ. ಈ ಸಿಸ್ಟಮ್‌ನಲ್ಲಿ ತಕ್ಕಡೀನೂ ಒಂದು ಫೈಲೇ ಸ್ವಾಮಿ. ಆ ಫೈಲಿಗೆ ಒಬ್ಬ ಮಾಲೀಕ ಇರ್ತಾನೆ, ಒಂದು ಗುಂಪು ಇರ್ತದೆ. ಮಾಲೀಕ ಓದಬಹುದು, ಬರೀಬಹುದು. ಗುಂಪಿನವರೂ ಓದಬಹುದು, ಬರೀಬಹುದು. ಇತರರು ಮುಟ್ಟೋ ಹಾಗಿಲ್ಲ. ನೀವೀಗ ಇತರರು."

ಹೊಸಬರು ಯಾರಾದರೂ ಇದನ್ನು ಕೇಳಿದ್ದರೆ ತಲೆಬುಡ ತಿಳಿಯದೆ ನಾಲ್ಕು ಪ್ರಶ್ನೆ ಕೇಳಿ ಬಚಾವಾಗುತ್ತಿದ್ದರು. ತೂಕಣ್ಣನ ದುರದೃಷ್ಟಕ್ಕೆ ಅವನಿಗೆ ಎಲ್ಲವೂ ಅರ್ಥವಾಯಿತು. ಹದಿನೆಂಟು ವರ್ಷದಿಂದ ಅವನು ಕಂಡ ಕಚೇರಿಯಲ್ಲಿ ಫೈಲುಗಳ ವ್ಯವಹಾರ ನಡೆಯುತ್ತಿದ್ದದ್ದೇ ಹಾಗೆ. ಮಾಲೀಕನಿಗೆ ಎಲ್ಲ, ಗುಂಪಿನವರಿಗೂ ಎಲ್ಲ, ಇತರರಿಗೆ ಏನೂ ಇಲ್ಲ. ಆದರೆ 'ನೀವೀಗ ಇತರರು' ಎಂಬ ಮಾತು ಮಾತ್ರ ಅವನಿಗೆ ಬಹಳ ನೋವುಂಟುಮಾಡಿತು.

"ಹಾಗಾದ್ರೆ ನಾನೇನು ಮಾಡ್ಲಿ?"

"ನೀವು ಡಯ... ಔಟ್ ಗುಂಪಿಗೆ ಸೇರ್ಬೇಕು. ಸೇರಿದ ಮೇಲೆ ಒಂದ್ಸಲ ಹೊರಗೆ ಹೋಗಿ ಒಳಗೆ ಬನ್ನಿ. ಇಲ್ದಿದ್ರೆ ಸೇರಿದ್ದು ಜಾರಿಗೆ ಬರಲ್ಲ..." ಎನ್ನುವಷ್ಟರಲ್ಲಿ ಬಸ್ಸು ಯಾವುದೋ ಸೇತುವೆಯ ಕೆಳಗೆ ಹೊಕ್ಕಿತು, ಫೋನು ಸತ್ತಿತು.

ಇಲ್ಲಿ ಔಟ್ ಗುಂಪಿನ ವಿಷಯ ಸ್ವಲ್ಪ ಹೇಳಬೇಕು. ಮಾರುಕಟ್ಟೆಯ ಹಾಜರಿ ಪುಸ್ತಕದಲ್ಲಿ ಎರಡು ಪುಟಗಳಿದ್ದವು. ಮೇಜಿನ ಮುಂದೆ ಕೂರುವವರದ್ದು 'ಇನ್', ಅಂಗಳದಲ್ಲಿ ಮೂಟೆ ಹೊರುವವರದ್ದು, ಗೇಟು ಕಾಯುವವರದ್ದು 'ಔಟ್'. ಹನ್ನೆರಡು ವರ್ಷದ ಹಿಂದೆ ಕುಡಿಯುವ ನೀರಿನ ಡ್ರಮ್ಮನ್ನು ಬಾಗಿಲ ಒಳಗಿಡಬೇಕೋ ಹೊರಗಿಡಬೇಕೋ ಎಂಬ ಪ್ರಶ್ನೆ ಎದ್ದು, ಪುಟಗಳು ಗುಂಪುಗಳಾದವು. ಈಗ ಡ್ರಮ್ಮುಗಳು ಎರಡು. ತನ್ನದು ಬತ್ತಿ ನಾಲಿಗೆ ಒಣಗಿದರೂ ಒಬ್ಬರ ಡ್ರಮ್ಮಿನ ನೀರನ್ನು ಇನ್ನೊಬ್ಬರು ಮುಟ್ಟುತ್ತಿರಲಿಲ್ಲ. ಇನ್ ಗುಂಪಿಗೆ ಟಪಾಲು ಗುಮಾಸ್ತ ನಾಯಕ. ಔಟ್ ಗುಂಪಿಗೆ, ಗೋಣಿಚೀಲಗಳ ಉಸ್ತುವಾರಿ ನೋಡುವ ಗೋಣಿಯಕ್ಕ. ತೂಕದ ಕೋಣೆ ಸರಿಯಾಗಿ ಬಾಗಿಲಿಗೆ ಅಂಟಿಕೊಂಡಿದ್ದರಿಂದ ತೂಕಣ್ಣ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಮನೆಯಿಂದ ಬಾಟಲಿ ತರುತ್ತಿದ್ದ. ಯಾರೇನು ಹೇಳಿದರೂ "ಅದೂ ಸರಿಯೇ" ಎನ್ನುತ್ತಿದ್ದ. ಈ ತಟಸ್ಥ ನೀತಿಯೇ ತನ್ನ ಬಾಳಿನ ದೊಡ್ಡ ಸಾಧನೆ ಎಂದು ಅವನು ನಂಬಿದ್ದ.

ಆ ಸಾಧನೆಯನ್ನು ಅವನು ಹತ್ತು ಗಂಟೆ ಹತ್ತು ನಿಮಿಷಕ್ಕೆ ಕೈಬಿಟ್ಟ. ನೇರವಾಗಿ ಗೋಣಿಯಕ್ಕನ ಮುಂದೆ ಹೋಗಿ ನಿಂತ.

"ಅಕ್ಕಾ, ನನ್ನ ನಿಮ್ಮ ಗುಂಪಿಗೆ ಸೇರಿಸ್ಕೊಳ್ಳಿ."

ಗೋಣಿಯಕ್ಕ ಚೀಲ ಎಣಿಸುವುದನ್ನು ನಿಲ್ಲಿಸಿ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. "ಯಾಕಪ್ಪಾ, ಒಳಗಿನೋರು ಏನಾದ್ರು ಅಂದ್ರಾ?"

"ಏನೂ ಇಲ್ಲ. ನಾನು ಇತರರು ಆಗ್ಬಿಟ್ಟಿದೀನಿ ಅಕ್ಕಾ. ನಿಮ್ಮ ಗುಂಪಿಗೆ ಸೇರಿದ್ರೆ ತಕ್ಕಡಿ ಓದೋಕೆ ಬಿಡ್ತದಂತೆ."

"ನಮ್ಮ ಗುಂಪಿಗೆ ಅಷ್ಟು ಹೆಸರಿದೆಯಾ!" ಎಂದು ಗೋಣಿಯಕ್ಕ ಹಿಗ್ಗಿದಳು. ಕೂಡಲೇ ಮೂಟೆಯವರನ್ನೂ ಗೇಟಿನವರನ್ನೂ ಕೂಗಿ ಕರೆದಳು. "ಹನ್ನೆರಡು ವರ್ಷದಿಂದ ಈ ಮನುಷ್ಯ ನಮ್ಮ ನೀರು ಕುಡಿದಿಲ್ಲ. ಈಗ ಎಲ್ಲರೆದುರು ಕುಡೀಲಿ. ಒಂದು ಲೋಟ ಹಿಂದಿಂದಕ್ಕೆ, ಒಂದು ಲೋಟ ಇವತ್ತಿಂದಕ್ಕೆ, ಒಂದು ಲೋಟ ಮುಂದಿಂದಕ್ಕೆ."

ತೂಕಣ್ಣ ಗಟಗಟನೆ ಮೂರು ಲೋಟ ಕುಡಿದ. ಮೂಟೆಯವರು ಚಪ್ಪಾಳೆ ತಟ್ಟಿದರು. ಬೆಂಚಿನ ಮೇಲಿದ್ದ ಮಾವ ಪಕ್ಕದ ಚಾಲಕನಿಗೆ, "ನೋಡಿದ್ರಾ, ಆಡಳಿತ ಅಂದ್ರೆ ಹೀಗಿರ್ಬೇಕು. ಕೆಳಗಿನೋರ ಜೊತೆ ಕೂಡಿ ನೀರು ಕುಡಿಯೋ ಅಧಿಕಾರಿ ಎಲ್ಲಿ ಸಿಗ್ತಾನೆ?" ಎಂದರು. "ಸ್ವಾಮೀ, ನನ್ನ ಟೊಮೇಟೊ ಸಾರಾಗ್ತಿದೆ" ಎಂದ ಚಾಲಕ.

ಕಿಟಕಿಯಿಂದ ಇದೆಲ್ಲವನ್ನೂ ಟಪಾಲು ಗುಮಾಸ್ತ ನೋಡಿದ. ಅವನ ಕಣ್ಣುಗಳು ಲಕೋಟೆಯ ಮೇಲಿನ ಸಣ್ಣ ಅಕ್ಷರ ಓದಿ ಓದಿ ಪಳಗಿದವು. ಮೂರು ಲೋಟವೆಂದು ಅವನು ದೂರದಿಂದಲೇ ಎಣಿಸಿದ್ದ. ತೂಕಣ್ಣ ಎಂಜಿನಿಯರ ಮಾತಿನಂತೆ ಗೇಟಿನ ತನಕ ಹೊರಗೆ ಹೋಗಿ, ತಿರುಗಿ, ಒಳಗೆ ಬರಲು ಬಾಗಿಲಿಗೆ ಬಂದಾಗ ಟಪಾಲು ಗುಮಾಸ್ತ ಎರಡು ಕೈಗಳನ್ನೂ ಚೌಕಟ್ಟಿಗೆ ಊರಿ ಅಡ್ಡ ನಿಂತಿದ್ದ.

"ಎಲ್ಲಿಗೆ?"

"ಒಳಗೆ."

"ಔಟ್ ಆದ್ಮೇಲೆ ಒಳಗೇನು ಕೆಲ್ಸ? ಹದಿನೆಂಟು ವರ್ಷ ನಮ್ಮ ಬಾಗಿಲಲ್ಲೇ ಕೂತು, ಕೊನೆಗೆ ಹೋಗಿ ಆ ಡ್ರಮ್ಮಿಗೆ ಬಾಯಿ ಹಾಕಿದ್ಯಲ್ಲೋ! ನಮ್ಮ ನೀರಿಗೇನು ಬಂದಿತ್ತು?"

"ನಿಮ್ಮ ನೀರೂ ಸರಿಯೇ ಅಣ್ಣಾ. ಆದ್ರೆ ಹೊರಗೆ ಹೋಗಿ ಒಳಗೆ ಬಂದ್ರೇನೇ ಜಾರಿಗೆ ಬರೋದು. ಒಂದೇ ಒಂದ್ಸಲ ಒಳಗೆ ಬಿಡಿ, ಕಾಲಿಟ್ಟು ಬೇಕಾದ್ರೆ ವಾಪಸ್ ಹೋಗ್ತೀನಿ."

"ಏನು ಜಾರಿಗೆ ಬರೋದು?"

"ನಾನು ಸೇರಿದ್ದು."

ಈ ಉತ್ತರ ಕೇಳಿ ಒಳಗಿನ ಗುಮಾಸ್ತರೆಲ್ಲ ಎದ್ದು ಬಂದರು. ಗೋಣಿಯಕ್ಕನ ಕಡೆಯವರು, "ನಮ್ಮೋನನ್ನ ಒಳಗೆ ಬಿಡ್ರಿ!" ಎಂದು ಹಿಂದಿನಿಂದ ನೂಕಿದರು. ಒಳಗಿನವರು ಮುಂದಿನಿಂದ ನೂಕಿದರು. ನಡುವೆ ಸಿಕ್ಕ ತೂಕಣ್ಣ ಮೊದಲೇ ಕಡ್ಡಿ ಮನುಷ್ಯ, ಹೊಟ್ಟೆಯಲ್ಲಿ ಮೂರು ಲೋಟ ನೀರು ಬೇರೆ. ಅವನ ಒಂದು ಕಾಲು ಇನ್, ಒಂದು ಕಾಲು ಔಟ್. ಮಾವ ಬೆಂಚಿನಿಂದ ಎದ್ದು ಹತ್ತಿರ ಬಂದು, "ಅಳಿಯಂದ್ರೇ, ಸಂಧಾನ ಚೆನ್ನಾಗಿ ನಡೀತಿದೆ, ಬಿಡ್ಬೇಡಿ!" ಎಂದು ಹುರಿದುಂಬಿಸಿದರು.

ಗದ್ದಲಕ್ಕೆ ಸಾಹೇಬರು ಮತ್ತೆ ಬಂದರು. ಅವರ ಕಣ್ಣಿಗೆ ಕಂಡದ್ದು ಇಷ್ಟು: ಹತ್ತೊಂಬತ್ತು ಲಾರಿ ನಿಂತಿವೆ, ನೌಕರರೆಲ್ಲ ಕೆಲಸ ಬಿಟ್ಟು ಕೂಗುತ್ತಿದ್ದಾರೆ, ನಟ್ಟನಡುವೆ ತೂಕಣ್ಣ.

"ಮುಷ್ಕರಾನಾ?" ಎಂದು ಗುಡುಗಿದರು. "ತಕ್ಕಡಿ ಕೆಟ್ಟಿದೆ ಅಂತ ಸುಳ್ಳು ಹೇಳಿ ಮುಷ್ಕರ ಕಟ್ತಿದೀಯಾ? ಹನ್ನೊಂದು ಗಂಟೆನೂ ಬೇಡ. ಯಾರಲ್ಲಿ, ಈರುಳ್ಳಿ ಗುಮಾಸ್ತನ್ನ ಕರೀರಿ!"

ಆಗ ತೂಕಣ್ಣನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಅವನ ಬಲಗೈ ಗೋಣಿಯಕ್ಕನ ಹಿಡಿತದಲ್ಲಿತ್ತು, ಎಡಗೈ ಟಪಾಲು ಗುಮಾಸ್ತನ ಹಿಡಿತದಲ್ಲಿತ್ತು. ಮಾವನೇ ಜೇಬಿಗೆ ಕೈ ಹಾಕಿ ಫೋನು ತೆಗೆದು, ಎಲ್ಲರಿಗೂ ಕೇಳುವಂತೆ ಗುಂಡಿ ಒತ್ತಿ ಎತ್ತಿ ಹಿಡಿದರು. ಬಸ್ಸು ಸೇತುವೆ ದಾಟಿತ್ತು, ಎಂಜಿನಿಯರ ದನಿ ಗಂಟೆ ಬಾರಿಸಿದಂತೆ ಬಂತು.

"ಏನು ಸ್ವಾಮಿ, ಗುಂಪಿಗೆ ಸೇರಿದ್ರಾ?"

"ಸೇರ್ದೆ! ಮೂರು ಲೋಟ ನೀರು ಕುಡ್ದೆ. ಹೊರಗೂ ಹೋದೆ. ಒಳಗೆ ಬಿಡ್ತಿಲ್ಲ!"

"ನೀರು ಯಾಕೆ ಕುಡಿದ್ರಿ? ಸ್ವಾಮೀ, ಡಯಲ್‌ಔಟ್ ಅನ್ನೋದು ಕಂಪ್ಯೂಟರ್ ಒಳಗಿರೋ ಒಂದು ಪಟ್ಟಿಯ ಹೆಸರು. ತಂತಿಯಲ್ಲಿ ಬರೋ ತೂಕ ಓದೋಕೆ ಆ ಪಟ್ಟಿಯಲ್ಲಿ ನಿಮ್ಮ ಖಾತೆ ಇರ್ಬೇಕು. ತೂಕ-1 ಅದರಲ್ಲಿತ್ತು. ನೀವು ಮಾಡ್ಕೊಂಡ ಹೊಸ ಖಾತೆ ಇಲ್ಲ. ಅಷ್ಟೇ. ಮನುಷ್ಯರ ಗುಂಪಿಗೂ ಅದಕ್ಕೂ ಸಂಬಂಧ ಇಲ್ಲ."

ಗೋಣಿಯಕ್ಕ ಅವನ ಬಲಗೈ ಬಿಟ್ಟಳು. ಟಪಾಲು ಗುಮಾಸ್ತ ಎಡಗೈ ಬಿಟ್ಟ. ಎರಡೂ ಗುಂಪುಗಳು ಹನ್ನೆರಡು ವರ್ಷದಲ್ಲಿ ಮೊದಲ ಸಲ ಒಂದೇ ಅಭಿಪ್ರಾಯಕ್ಕೆ ಬಂದವು, ಆದರೆ ಆ ಅಭಿಪ್ರಾಯವನ್ನು ಮಾವನ ಎದುರು ಹೇಳಲು ಸಂಕೋಚಪಟ್ಟವು.

ತೂಕಣ್ಣ ಒಳಗೆ ಓಡಿದ. ಎಂಜಿನಿಯರು ಒಂದೊಂದೇ ಅಕ್ಷರ ಹೇಳಿದರು, ಮಾವ ಫೋನು ಹಿಡಿದು ಉಕ್ತಲೇಖನ ಬರೆಸುವಂತೆ ಪ್ರತಿಯೊಂದನ್ನೂ ಎರಡೆರಡು ಸಲ ಹೇಳಿದರು.

"ಆಮೇಲೆ ಅಡ್ಡಗೆರೆ, ಸಣ್ಣ ಎ, ದೊಡ್ಡ ಜಿ. ಸಣ್ಣ ಎ ಮರೀಬೇಡಿ. ಅದು ಬಿಟ್ರೆ ಹೊಸ ಗುಂಪಿಗೆ ಸೇರಿಸಿ, ಇದ್ದ ಹಳೇ ಗುಂಪುಗಳಿಂದೆಲ್ಲ ಒದ್ದು ಹೊರಗೆ ಹಾಕ್ತದೆ."

"ನಮ್ಮಲ್ಲೂ ಹಾಗೇ" ಎಂದ ಟಪಾಲು ಗುಮಾಸ್ತ, ಕಿಟಕಿಯಲ್ಲಿ ಇಣುಕುತ್ತಾ.

"ಒಂದ್ಮಾತು," ಎಂದರು ಮಾವ ಫೋನಿಗೆ. "ಇಷ್ಟೆಲ್ಲ ರಗಳೆ ಯಾಕೆ? ಓದೋಕೂ ಬರೆಯೋಕೂ ಎಲ್ಲರಿಗೂ ಅನುಮತಿ ಕೊಟ್ಬಿಡಬಾರ್ದಾ? ನಾನು ಮೂವತ್ತು ವರ್ಷ ಅದಕ್ಕೇ ದುಡಿದೆ."

"ಕೊಡಬಹುದು ಮೇಷ್ಟ್ರೇ. ಆದ್ರೆ ಒಂದ್ಸಲ ತಂತಿ ಕಿತ್ತು ಹಾಕಿದ್ರೆ ಆ ಅನುಮತಿ ಹೋಗ್ಬಿಡ್ತದೆ. ಗುಂಪಿಗೆ ಸೇರಿದ್ದು ಉಳೀತದೆ. ಹ್ಞಾಂ, ಈಗ ಹೊರಗೆ ಹೋಗಿ ಒಳಗೆ ಬನ್ನಿ."

ತೂಕಣ್ಣ ಎದ್ದು ಬಾಗಿಲ ಕಡೆ ನಡೆದ. ಈ ಸಲ ಯಾರೂ ತಡೆಯಲಿಲ್ಲ. ಗೇಟು ಮುಟ್ಟಿ, ಓಡೋಡಿ ಬಂದು, ಏದುಸಿರು ಬಿಡುತ್ತಾ "ಬಂದೆ" ಎಂದ.

"ನೀವಲ್ಲ ಸ್ವಾಮೀ! ನಿಮ್ಮ ಖಾತೆ! ಲಾಗ್‌ಔಟ್ ಮಾಡಿ ಮತ್ತೆ ಲಾಗಿನ್ ಆಗ್..." ಎನ್ನುತ್ತಿದ್ದಂತೆ ಎಂಜಿನಿಯರ ಫೋನಿನ ಬ್ಯಾಟರಿ ಮುಗಿಯಿತು.

ತೂಕಣ್ಣ ಖಾತೆಯಿಂದ ಹೊರಬಂದ. ಪರದೆಯ ಮೇಲೆ ಕೋಟಿನ ಫೋಟೋ, ಅದರ ಕೆಳಗೆ ಪಾಸ್‌ವರ್ಡಿಗಾಗಿ ಒಂದು ಖಾಲಿ ಪೆಟ್ಟಿಗೆ. ಇನ್ನೇನು ಹೊಡೆಯಬೇಕು, ಹಿಂದಿನಿಂದ ಗಮ್ಮೆಂದು ಈರುಳ್ಳಿಯ ವಾಸನೆ ಬಂತು.

ಈರುಳ್ಳಿ ಗುಮಾಸ್ತ ಬಾಗಿಲಲ್ಲಿ ನಿಂತಿದ್ದ. ಅವನ ಕಣ್ಣುಗಳು ಸದಾ ಕೆಂಪಗೆ, ಸದಾ ಒದ್ದೆ. ಅವನು ಹತ್ತಿರ ಸುಳಿದರೆ ಉಳಿದವರ ಕಣ್ಣುಗಳೂ ಹಾಗೇ ಆಗುತ್ತಿದ್ದವು. ಈ ಕುರ್ಚಿಯ ಮೇಲೆ ಅವನಿಗೆ ಎಂಟು ವರ್ಷದಿಂದ ಕಣ್ಣು.

"ಏಳು," ಎಂದರು ಸಾಹೇಬರು ತೂಕಣ್ಣನಿಗೆ. "ಹನ್ನೊಂದಾಯ್ತು. ರಿಪೇರಿ ಆಗಿದ್ರೆ ಅವನೇ ತೂಗ್ತಾನೆ."

ತೂಕಣ್ಣ ಎದ್ದ. ಈರುಳ್ಳಿ ಗುಮಾಸ್ತ ಕುಳಿತ. ಕುರ್ಚಿಯನ್ನು ಎರಡು ಸುತ್ತು ತಿರುಗಿಸಿ ನೋಡಿದ. "ಪಾಸ್‌ವರ್ಡ್ ಕೇಳ್ತಿದೆ" ಎಂದ.

"ನಾನೇ ಹೊಡ್ದು ಕೊಡ್ತೀನಿ" ಎಂದು ತೂಕಣ್ಣ ಮುಂದೆ ಬಂದ.

"ದಿನಾ ಬಂದು ಹೊಡ್ದು ಕೊಡ್ತೀಯಾ? ಹೇಳ್ಬಿಡು, ನಾನು ಬರ್ಕೊಳ್ತೀನಿ."

"ಹೇಳಪ್ಪಾ" ಎಂದರು ಸಾಹೇಬರು.

ತೂಕಣ್ಣ ಬಾಯಿ ತೆರೆದ. ಎದುರಿಗೆ, ಫೋನನ್ನು ಇನ್ನೂ ಎತ್ತಿ ಹಿಡಿದುಕೊಂಡು, ಮಾವ ನಿಂತಿದ್ದರು. ತೂಕಣ್ಣ ಬಾಯಿ ಮುಚ್ಚಿದ. ಹಿಂದಿನ ಸಂಜೆ ಹೊಸ ಖಾತೆ ತೆರೆಯುವಾಗ ಕಂಪ್ಯೂಟರು 'ನಿಮಗೆ ಸುಲಭವಾಗಿ ನೆನಪಿರುವ, ಉದ್ದನೆಯ ವಾಕ್ಯವೊಂದನ್ನು ಕೊಡಿ' ಎಂದು ಕೇಳಿತ್ತು. ಮೂರು ವಾರದಿಂದ ಹಗಲೂ ರಾತ್ರಿ ತಲೆಯಲ್ಲಿ ತಿರುಗುತ್ತಿದ್ದ ವಾಕ್ಯ ಒಂದೇ ಒಂದು. ಅವನು ಇಂಗ್ಲಿಷ್ ಅಕ್ಷರಗಳಲ್ಲಿ, ಜಾಗ ಬಿಡದೆ, 'ಮಾವ ಯಾವಾಗ ಹೋಗ್ತಾರೆ' ಎಂದು ಹೊಡೆದಿದ್ದ.

"ಹೇಳೋಕಾಗಲ್ಲ ಸಾರ್."

"ಏನಂದೆ?"

"ಬೇಕಾದ್ರೆ ಈರುಳ್ಳಿ ಗೋದಾಮಿಗೆ ಹೋಗ್ತೀನಿ. ಅಲ್ಲೇ ಇರ್ತೀನಿ. ಪಾಸ್‌ವರ್ಡ್ ಮಾತ್ರ ಹೇಳಲ್ಲ."

ಹದಿನೆಂಟು ವರ್ಷ "ಅದೂ ಸರಿಯೇ" ಎಂದವನ ಬಾಯಲ್ಲಿ ಮೊದಲ ಸಲ ಇಲ್ಲ ಎಂಬ ಮಾತು ಬಂದಿತ್ತು. ಗೋಣಿಯಕ್ಕ ಮೂಗಿನ ಮೇಲೆ ಬೆರಳಿಟ್ಟಳು. ಆಗ ಮಾವ ಮುಂದೆ ಬಂದರು.

"ಭೇಷ್! ಸಾಹೇಬ್ರೇ, ಕಚೇರಿಯ ಗುಟ್ಟನ್ನ ಪ್ರಾಣ ಹೋದ್ರೂ ಬಿಟ್ಟುಕೊಡದ ಇಂಥ ಮನುಷ್ಯನ್ನ ಕುರ್ಚಿಯಿಂದ ಎಬ್ಬಿಸ್ತೀರಾ? ಹೆಣ್ಣು ಕೊಟ್ಟ ಮಾವ ನಾನು, ಎದುರಿಗೇ ನಿಂತಿದೀನಿ. ನನಗೂ ಹೇಳ್ತಿಲ್ಲ ನೋಡಿ!"

"ನಿಮಗಂತೂ ಹೇಳೋದೇ ಇಲ್ಲ ಮಾವ" ಎಂದ ತೂಕಣ್ಣ. ಅದು ಅವನ ಅಂತರಾಳದ ಮಾತಾಗಿತ್ತು.

"ಕೇಳಿದ್ರಾ!" ಎಂದರು ಮಾವ.

ಹೊರಗಿಂದ ಹತ್ತೊಂಬತ್ತು ಹಾರ್ನುಗಳು ಒಟ್ಟಿಗೆ ಕೂಗಿದವು. ಕೆಳಗೆ ತೊಟ್ಟಿಕ್ಕುತ್ತಿದ್ದ ಟೊಮೇಟೊ ರಸದ ಮುಂದೆ ಸಾಹೇಬರ ಹಟ ನಿಲ್ಲಲಿಲ್ಲ. "ಆಯ್ತು ಮಾರಾಯ, ಕೂತ್ಕೋ. ಎಲ್ಲರೂ ಆ ಕಡೆ ತಿರುಗಿ. ತೂಗು ಮೊದ್ಲು" ಎಂದರು. ಈರುಳ್ಳಿ ಗುಮಾಸ್ತ ಕುರ್ಚಿಯನ್ನು ಕೊನೆಯದಾಗಿ ಒಂದು ಸುತ್ತು ತಿರುಗಿಸಿ ಎದ್ದ. ತೂಕಣ್ಣ ಕುಳಿತು, ಎಡಗೈಯಿಂದ ಕೀಬೋರ್ಡನ್ನು ಮರೆಮಾಡಿ, ಬಲಗೈಯ ಒಂದು ಬೆರಳಿನಿಂದ ಹೊಡೆಯತೊಡಗಿದ. ಪರದೆಯ ಮೇಲೆ ಚುಕ್ಕಿಗಳು ಒಂದೊಂದಾಗಿ ಮೂಡಿದವು. ಎಲ್ಲರೂ ಗೋಡೆಯ ಕಡೆ ತಿರುಗಿದ್ದರು, ಮಾವ ಮಾತ್ರ ಚುಕ್ಕಿ ನೋಡಿದರೇನು ತಪ್ಪು ಎಂದು ಬೆರಳು ಮಡಿಸಿ ಎಣಿಸಿದರು.

ಖಾತೆ ತೆರೆಯಿತು. ತೂಕಣ್ಣ ಕಣ್ಣು ಮುಚ್ಚಿ ಗುಂಡಿ ಒತ್ತಿದ. ಕಣ್ಣು ಬಿಟ್ಟಾಗ ಪರದೆಯ ತುಂಬ ಲಾರಿಯ ತೂಕ ಕುಳಿತಿತ್ತು. ಚೀಟಿ ಕಿರ್ರೆಂದು ಹೊರಬಂತು, ಅಂಗಳದಲ್ಲಿ ಜೋರು ಕೂಗು ಎದ್ದಿತು. ಸಾಹೇಬರು ಅವನ ಬೆನ್ನು ತಟ್ಟಿ, "ಇನ್ಮೇಲೆ ಈ ಕುರ್ಚಿ ನಿಂದೇ ಕಣಯ್ಯ, ಬೇರೆ ಯಾರು ಕೂತ್ರೂ ಪ್ರಯೋಜನ ಇಲ್ಲ" ಎಂದು ಹೊರಟುಹೋದರು.

ಮಾವ ಮಡಿಸಿದ ಬೆರಳುಗಳನ್ನು ಇನ್ನೂ ಬಿಡಿಸಿರಲಿಲ್ಲ. "ಹದಿನೆಂಟು ಅಕ್ಷರ ಅಳಿಯಂದ್ರೇ! ಹದಿನೆಂಟು ಅಕ್ಷರದ ಗುಟ್ಟನ್ನ ಹೊಟ್ಟೇಲಿಟ್ಕೊಂಡು ಓಡಾಡ್ತಿದೀರಿ, ಮನೇಲಿ ಒಂದು ಸುಳಿವು ಕೊಟ್ಟಿಲ್ಲ. ನಾನು ನಾಡಿದ್ದು ಹೊರಡೋಣ ಅಂತಿದ್ದೆ, ಪೆಟ್ಟಿಗೆನೂ ಕಟ್ಟಿಟ್ಟಿದ್ದೆ. ಇಂಥ ಅಳಿಯನ್ನ ಬಿಟ್ಟು ಹೋಗೋಕೆ ಮನಸ್ಸು ಬರ್ತದಾ? ಇನ್ನೊಂದು ಆರು ತಿಂಗಳು ಇದ್ದೇ ಹೋಗ್ತೀನಿ."

ತೂಕಣ್ಣನ ಕಣ್ಣಲ್ಲಿ ಫಳಕ್ಕನೆ ನೀರು ಬಂತು. ಈರುಳ್ಳಿ ಗುಮಾಸ್ತ ಪಕ್ಕದಲ್ಲೇ ನಿಂತಿದ್ದರಿಂದ ಯಾರೂ ಕಾರಣ ಕೇಳಲಿಲ್ಲ.